ತೇಪೆ ಬಿಡಿಸುವ ಕೆಲಸ
ಚಿಕ್ಕಮಗಳೂರಿನ ಮಳೆಯಲ್ಲಿ ನೆನೆದ ಹಳೇ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ತಗಡಿನ ತೇಪೆಯ ಮೇಲೆ ತೇಪೆ. ಎರಡು ತಗಡಿನ ನಡುವೆ ನೀರು ನಿಂತು ತುಕ್ಕು ಒಳಗಿಂದಲೇ ತಿನ್ನುತ್ತೆ. ಹಾಕಿದವರನ್ನು ಬೈಯೋಕೆ ಮನಸ್ಸು ಬರಲ್ಲ, ಗಾಡಿ ಬೇಗ ರೋಡಿಗಿಳಿಯಬೇಕಿತ್ತು ಪಾಪ.

ಬಿಡಿಸೋ ಮೊದಲು ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ. ಸ್ಪಾಟ್ ವೆಲ್ಡ್‌ಗೆ, ಅಂದ್ರೆ ಎರಡು ತಗಡನ್ನು ಚುಕ್ಕೆಯಂತೆ ಬೆಸೆದ ಜಾಗಕ್ಕೆ, ನಟ್ಟನಡುವೆ ಪಂಚ್ ಹೊಡೆದು, 8 ಮಿ.ಮೀ. ಸ್ಪಾಟ್ ವೆಲ್ಡ್ ಬಿಟ್‌ನಿಂದ ಮೇಲಿನ ತಗಡನ್ನು ಮಾತ್ರ ಕೊರೆಯಿರಿ. ಬೆಸುಗೆಯ ಉಬ್ಬಿದ ಗಂಟನ್ನು ಉಜ್ಜೋಕೆ ಗ್ರೈಂಡರ್‌ಗೆ ಒರಟಾದ 36 ಗ್ರಿಟ್ ಡಿಸ್ಕ್. ಕೂದಲೆಳೆಯಷ್ಟು ಉಳಿದಾಗ ಅದಕ್ಕಿಂತ ನಯವಾದ 80 ಗ್ರಿಟ್‌ನ ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಎಸಳು ಜೋಡಿಸಿದ ಡಿಸ್ಕ್). ಒಂದೆರಡು ಸೆಕೆಂಡ್ ತಾಗಿಸಿ, ಎತ್ತಿ, ಜಾಗ ಬದಲಿಸಿ. ಒಂದೇ ಕಡೆ ಒತ್ತಿದರೆ ತಗಡು ನೀಲಿಗೆ ತಿರುಗಿ ಡೊಂಕಾಗುತ್ತೆ, ತೆಳುವೂ ಆಗುತ್ತೆ. ಹಿತ್ತಾಳೆ ಬೆಸುಗೆ ಕಂಡರಂತೂ ಹಳದಿಯ ಚೂರೂ ಉಳಿಸಬೇಡಿ. ಅದರ ಮೇಲೆ ಮಿಗ್ ವೆಲ್ಡ್ (ತಂತಿ ಕರಗಿಸಿ ಮಾಡೋ ವಿದ್ಯುತ್ ಬೆಸುಗೆ) ಮಾಡಿದರೆ ಬಿರುಕು ಬಿಡುತ್ತೆ.