ಹೆಬ್ಬೆರಳ ಕೆಳಗಿನ ಸಾಲು

ಎರಡನೇ ವರ್ಷದಲ್ಲಿದ್ದಾಗಿನ ಮಾತು. ಕನ್ನಡ ಮೇಷ್ಟ್ರು ಒಂದು ಮಧ್ಯಾಹ್ನ ಪಾಠ ಬದಿಗಿಟ್ಟು ಬೋರ್ಡಿನ ಮೇಲೆ ‘ಬೀಗ’ ಅಂತ ಒಂದೇ ಪದ ಬರೆದರು. “ಇದರ ಮೇಲೆ ಒಂದು ಕಥೆ ಬರ್ಕೊಂಡು ಬನ್ನಿ. 50 ಪದ ಮೀರೋ ಹಾಗಿಲ್ಲ. ತಲೆಬರಹ ಲೆಕ್ಕಕ್ಕಿಲ್ಲ. ಶುಕ್ರವಾರ ಓದೋಣ” ಅಂದರು.

“ಬಹುಮಾನ ಏನು ಸಾರ್?” ಹಿಂದಿನ ಬೆಂಚಿನಿಂದ ಕೂಗು ಬಂತು.

“ಗೆದ್ದವರು ಮುಂದಿನ ಸಲದ ವಿಷಯ ಕೊಡೋದು. ಅಷ್ಟೇ.”

ಐವತ್ತು ಪದದಲ್ಲಿ ಕಥೆ ಎಲ್ಲಾದರೂ ಆಗುತ್ತದಾ ಅಂತ ನಾವು ಗೊಣಗಿದೆವು. ಆಗ ಅವರು ಅಮೆರಿಕದ ಒಂದು ವಾರಪತ್ರಿಕೆಯ ಕಥೆ ಹೇಳಿದರು. ಅದು 1987ರಲ್ಲಿ 55 ಪದದ ಕಥೆಗಳ ಸ್ಪರ್ಧೆ ಶುರು ಮಾಡಿತ್ತಂತೆ. ಚಿಕ್ಕದಾದರೂ ಅದರಲ್ಲಿ ಒಂದು ಜಾಗ, ಒಂದು ಪಾತ್ರ, ಒಂದು ತಿಕ್ಕಾಟ, ಅದಕ್ಕೊಂದು ಕೊನೆ ಇರಲೇಬೇಕಂತೆ. ಹಾಕದೇ ಉಳಿದ ಮಗುವಿನ ಬೂಟು ಮಾರಾಟಕ್ಕಿದೆ ಅನ್ನುವ ಆರು ಪದದ ಇಂಗ್ಲಿಷ್ ಕಥೆ ನಮ್ಮಲ್ಲಿ ಕೆಲವರಿಗೆ ಗೊತ್ತಿತ್ತು. “ಹೆಮಿಂಗ್ವೇದು ಸಾರ್” ಅಂತ ಒಬ್ಬ ಜೋರಾಗಿ ಹೇಳಿದ. ಆ ಅಮೆರಿಕನ್ ಲೇಖಕ ಅದನ್ನು ಬರೆದಿದ್ದಕ್ಕೆ ಯಾವ ಪುರಾವೆಯೂ ಇಲ್ಲ ಅಂತ ಮೇಷ್ಟ್ರು ನಕ್ಕರು. ಅವನ ಮುಖ ಸಣ್ಣದಾಯಿತು.

ನಾನು ಆ ರಾತ್ರಿ ಕೂತು ಬರೆದೆ. ಎಣಿಸಿ ನೋಡಿದರೆ 212 ಪದ! ಮನೆಯ ವರ್ಣನೆಗೇ 60 ಹೋಗಿತ್ತು. ಮಳೆ ಬೇರೆ ಸುರಿಸಿದ್ದೆ. ಕಥೆಗೂ ಮಳೆಗೂ ಏನೂ ಸಂಬಂಧ ಇರಲಿಲ್ಲ, ಸುಮ್ನೆ ಚೆನ್ನಾಗಿರುತ್ತೆ ಅಂತ. ಮೊದಲು ಮಳೆ ಹೋಯಿತು. ಆಮೇಲೆ ಗುಣವಾಚಕಗಳು ಒಂದೊಂದಾಗಿ ಉದುರಿದವು. ಒಬ್ಬ ಚಿಕ್ಕಪ್ಪ ಇದ್ದ, ಅವನನ್ನು ತೆಗೆದರೂ ಕಥೆಗೆ ಏನೂ ಆಗಲಿಲ್ಲ. ಪಾಪ, ಒಳ್ಳೇ ಮನುಷ್ಯ. ಗುರುವಾರದ ಹೊತ್ತಿಗೆ 35ಕ್ಕೆ ಬಂದಿತ್ತು. ಕೊನೇ ಸಾಲು ಹೀಗಿತ್ತು: ‘ತಾತ ತೀರಿಕೊಂಡು ಅಂದಿಗೆ ತಿಂಗಳಾಗಿತ್ತು.’ ಆ ಸಾಲಿನ ಮೇಲೆ ನನಗೆ ಬಲು ಹೆಮ್ಮೆ.

ಕಾಲೇಜಿನ ಮೆಟ್ಟಿಲ ಮೇಲೆ ಗೆಳೆಯನಿಗೆ ಚೀಟಿ ತೋರಿಸಿದೆ. ಅವನು ಓದಿದ. ಏನೂ ಹೇಳದೆ ಕೊನೇ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ನನಗೇ ವಾಪಸ್ ಹಿಡಿದ. “ಈಗ ಓದು.”

ಉಳಿದಿದ್ದು 31 ಪದ:

‘ತಾತ ದಿನಾ ರಾತ್ರಿ ಎರಡು ಸಲ ಎದ್ದು ಬಾಗಿಲ ಬೀಗ ಎಳೆದು ನೋಡುತ್ತಿದ್ದರು. ಯಾರು ಬರ್ತಾರೆ ಈ ಮನೆ ದೋಚೋಕೆ ಅಂತ ಅಪ್ಪ ಗೊಣಗುತ್ತಿದ್ದರು. ನಿನ್ನೆ ಮಧ್ಯರಾತ್ರಿ ಬೀಗದ ಸದ್ದಿಗೆ ಎಚ್ಚರವಾಯಿತು. ಎದ್ದು ಹೋಗಿ ನೋಡಿದೆ. ಕತ್ತಲಲ್ಲಿ ಅಪ್ಪ ಬೀಗ ಹಿಡಿದು ನಿಂತಿದ್ದರು.’

“ತಾತ ಸತ್ತಿದ್ದು ಯಾರಿಗೂ ಗೊತ್ತಾಗಲ್ಲ ಕಣೋ” ಅಂದೆ. “ಗೊತ್ತಾಗುತ್ತೆ” ಅಂದ. ಅರ್ಧ ಗಂಟೆ ಜಗಳ ಆಡಿದೆವು. ಸಿಟ್ಟಿನಲ್ಲೇ ಆ ಸಾಲು ಹೊಡೆದು ಹಾಕಿದೆ.

ಶುಕ್ರವಾರ ಓದುವುದಕ್ಕಿಂತ ಮೊದಲು ಎಣಿಕೆಯದೇ ದೊಡ್ಡ ರಾದ್ಧಾಂತ. ಒಬ್ಬ 58 ಪದ ಬರೆದು, ಪದಗಳನ್ನು ಒಂದಕ್ಕೊಂದು ಅಂಟಿಸಿ ಐವತ್ತು ಮಾಡಿಕೊಂಡು ಬಂದಿದ್ದ. ‘ಹೋಗಿಬಂದುಮಲಗಿದ’ ಒಂದೇ ಪದವಂತೆ! ಕೇಳಿದರೆ ಸಂಧಿ ಸಾರ್ ಅಂದ. ಯಾವ ಸಂಧಿ ಅಂತ ಮೇಷ್ಟ್ರು ಕೇಳಿದರು, ಉತ್ತರ ಬರಲಿಲ್ಲ. ‘ಬಂದನೆಂದು’ ಬರೆದರೆ ಒಂದು, ‘ಬಂದನು ಎಂದು’ ಬರೆದರೆ ಎರಡು. ಅಲ್ಲಿಯವರೆಗೂ ಒಪ್ಪಿಗೆ. ಅದಕ್ಕೂ ಮುಂದೆ ಹೋದರೆ ಕಳ್ಳತನ ಅಂತ ತೀರ್ಮಾನವಾಯಿತು. ಆದರೆ ಆ ಜಗಳದಲ್ಲಿ ಒಂದು ವಿಷಯ ಹೊಳೆಯಿತು. ‘ಮನೆಯಲ್ಲಿದ್ದವರಿಗೂ’ ಅನ್ನುವುದು ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಅದಕ್ಕೆ ಏಳೆಂಟು ಬೇಕು. ವಿಭಕ್ತಿಯೆಲ್ಲ ಪದದ ಬಾಲಕ್ಕೇ ಅಂಟಿಕೊಂಡು ಬರುತ್ತದಲ್ಲ. ಹಾಗಾಗಿ ನಮ್ಮ ಐವತ್ತು ಅವರ ಐವತ್ತಕ್ಕಿಂತ ಬಹಳ ಜಾಸ್ತಿ. “ಹಾಗಾದ್ರೆ ನಿಮಗೆ 30 ಕೊಡಬೇಕಿತ್ತು” ಅಂದರು ಮೇಷ್ಟ್ರು. ತಕ್ಷಣ ಎಲ್ಲರೂ ಬಾಯಿ ಮುಚ್ಚಿಕೊಂಡೆವು.

ಚೀಟಿಗಳ ಮೇಲೆ ಹೆಸರಿರಲಿಲ್ಲ, ನಂಬರ್ ಮಾತ್ರ. ಮೇಷ್ಟ್ರೇ ಒಂದೊಂದಾಗಿ ಓದಿದರು. ಹೆಚ್ಚಿನವು ಕೊನೇ ಸಾಲಲ್ಲಿ ಬೆಚ್ಚಿಬೀಳಿಸುವ ಕಥೆಗಳು. ಕನಸಿನಿಂದ ಎದ್ದವರು ನಾಲ್ಕು ಜನ, ದೆವ್ವಗಳು ಮೂರು. ನನ್ನದು ಬಂದಾಗ ನನಗೆ ಎದೆ ಡವಡವ. ಓದಿ ಮುಗಿಸಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮುಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ, “ಮತ್ತೆ ತಾತ?” ಅಂದಳು. ಅಷ್ಟು ಹೇಳಿ ತಾನೇ ಸುಮ್ಮನಾದಳು. ಮೆಟ್ಟಿಲ ಗೆಳೆಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಿವಿವರೆಗೂ ನಗುತ್ತಿದ್ದುದು ಮಾತ್ರ ಹಿಂದಿನಿಂದಲೇ ಕಾಣುತ್ತಿತ್ತು.

ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಕೊನೇ ಚೀಟಿ ಬಂತು.

‘ಬೀಗದಕೈ ಎಲ್ಲಿಟ್ಟಿದ್ದೀಯಾ ಅಂತ ಮೂರನೇ ಸಲ ಫೋನ್ ಬಂತು. ಅವಳು ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಮುಷ್ಟಿ ಬಿಚ್ಚಿದಳು.’

ಹದಿನೈದು ಪದ. ‘ಬೀಗದ ಕೈ’ ಎರಡು ಪದ, ಹದಿನಾರು ಅಂತ ಸಂಧಿಯವನು ವಾದಕ್ಕೆ ನಿಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ಎತ್ತಿ ಓಟು ಹಾಕಿದಾಗ ನಾನೂ ಆ ಕಥೆಗೇ ಎತ್ತಿದೆ. ಬರೆದವಳು ಇಡೀ ವರ್ಷ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಎದ್ದು ನಿಂತು ಮುಂದಿನ ವಾರದ ವಿಷಯ ‘ಚಪ್ಪಲಿ’ ಅಂದು ಕೂತುಬಿಟ್ಟಳು.

ಆ ವರ್ಷ ಇನ್ನೂ ಆರು ಸಲ ಬರೆದೆವು. ನಾನು ಒಮ್ಮೆಯೂ ಗೆಲ್ಲಲಿಲ್ಲ. ಈಗಲೂ ಏನಾದರೂ ಬರೆದರೆ ಕೊನೇ ಸಾಲಿನ ಮೇಲೆ ಹೆಬ್ಬೆರಳಿಟ್ಟು ನೋಡುತ್ತೇನೆ.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಆ ಹುಡುಗಿ ಸಿಕ್ಕಿದ್ದಳು. ಇಷ್ಟು ವರ್ಷ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. ಆ ಕಥೆಯವಳು ಮನೆ ಬಿಟ್ಟು ಹೋಗಿದ್ದು ಯಾಕೆ?

“ಅದನ್ನ ಬರೆಯೋಕೆ ಹೋಗಿದ್ರೆ 50 ಸಾಕಾಗ್ತಿರಲಿಲ್ಲ” ಅಂದಳು.