ಉತ್ತರ ಗೊತ್ತಿದ್ದೂ ಯಾಕೆ ಹೇಳಲ್ಲ?

‘ನಿನಗೆ ಉತ್ತರ ಗೊತ್ತು ತಾನೆ? ಮತ್ಯಾಕೆ ಸತಾಯಿಸ್ತೀಯಾ, ಹೇಳಿಬಿಡು!’

ಇದನ್ನು ನನಗೆ ಎಲ್ಲರೂ ಕೇಳಿದ್ದಾರೆ. ಸಂಜೆ ಮುಂಬಯಿ ಲೋಕಲ್ ರೈಲಿನಲ್ಲಿ ಜೊತೆಗೆ ಬರುವವರು, ಊರಿನಿಂದ ಫೋನ್ ಮಾಡುವ ತಂಗಿ, ಮಾಟುಂಗಾದಲ್ಲಿ ಯಾವುದೋ ಕನ್ನಡ ಕಾರ್ಯಕ್ರಮ ಮುಗಿಸಿ ಕಾಫಿಗೆ ನಿಂತಾಗ ಸಿಗುವ ಪರಿಚಯದವರು. ತರ್ಕದ ಒಗಟು ಹೇಳುತ್ತಾಳೆ, ಉತ್ತರ ಮಾತ್ರ ಹೇಳುವುದಿಲ್ಲ ಅನ್ನೋದು ಅವರ ದೂರು. ದೂರು ನಿಜವೇ. ಈ ಪ್ರಶ್ನೆಗಾದರೂ ಇಲ್ಲಿ ಸರಿಯಾಗಿ ಉತ್ತರ ಕೊಟ್ಟುಬಿಡುತ್ತೇನೆ.

ನಮ್ಮದು ಡೊಂಬಿವಲಿ ಕಡೆ ಹೋಗುವ ಲೇಡೀಸ್ ಡಬ್ಬಾ. ರೈಲು ಹೊರಡುವ ಸಿಎಸ್‌ಎಂಟಿಯಲ್ಲೇ ಹತ್ತುವುದರಿಂದ ಸೀಟು ಸಿಗುತ್ತದೆ, ಕಡೇಪಕ್ಷ ಫೋರ್ತ್ ಸೀಟು, ಅಂದರೆ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಿಗೆ ಸಿಗುವ ಜಾಗ. ಕನ್ನಡದವರು ಐದಾರು ಜನ. ಉಡುಪಿ ಕಡೆಯವರು, ಧಾರವಾಡದವರು, ಮುಂಬಯಿಯಲ್ಲೇ ಹುಟ್ಟಿ ಕನ್ನಡ ಮಾತಾಡಲು ಬಂದರೂ ಓದಲು ಬಾರದ ಒಬ್ಬಳು. ಒಬ್ಬರು ಬಟಾಣಿ ಸುಲಿಯುತ್ತಿರುತ್ತಾರೆ, ಇನ್ನೊಬ್ಬರು ಬೆಳ್ಳುಳ್ಳಿ. ಬೈಕಲಾ ಬರುವಷ್ಟರಲ್ಲಿ ಯಾರಾದರೂ ‘ಇವತ್ತೇನು?’ ಅನ್ನುತ್ತಾರೆ. ಅಲ್ಲಿಂದ ಠಾಣೆ ದಾಟುವವರೆಗೆ ಜಗಳ. ಪಕ್ಕದ ಮರಾಠಿ ಹೆಂಗಸರೂ ಸೇರಿಕೊಳ್ಳುತ್ತಾರೆ. ಹುಲಿ, ಹಸು, ಹುಲ್ಲನ್ನು ದೋಣಿಯಲ್ಲಿ ದಾಟಿಸುವ ಕಥೆ ಅವರಿಗೂ ಗೊತ್ತು. ಅದೇ ಒಗಟು ಯುರೋಪಿನಲ್ಲಿ ತೋಳ, ಮೇಕೆ, ಕೋಸು ಆಗಿ ಸಾವಿರ ವರ್ಷದಿಂದ ಓಡಾಡುತ್ತಿದೆ.

ಎಲ್ಲ ಒಗಟಿಗೂ ನಾನು ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಮಲ್ಲಿಗೆ. ‘ಅಂಗಡಿಯಿಂದ ತರೋದು, ಮುಂದಿಟ್ಟುಕೊಂಡು ಅಳೋದು’ ಅಂದರೆ ಈರುಳ್ಳಿ. ಇಂಥದ್ದಕ್ಕೆ ‘ಸೋತೆ’ ಅಂದ ಕೂಡಲೇ ಉತ್ತರ ಹೇಳುತ್ತೇನೆ. ಹೊಳೆದರೆ ಹೊಳೆಯಿತು, ಇಲ್ಲವಾದರೆ ಇಲ್ಲ. ಅರ್ಧ ಗಂಟೆ ಲೆಕ್ಕ ಹಾಕಿದರೂ ಮಲ್ಲಿಗೆಯ ಹತ್ತಿರಕ್ಕೆ ಹೋಗುವ ದಾರಿಯಿಲ್ಲ. ಉತ್ತರ ಕೇಳಿ ‘ಅಯ್ಯೋ ಹೌದಲ್ವಾ’ ಅನ್ನುವುದರಲ್ಲೇ ಅದರ ಮಜಾ ಇದೆ. ತರ್ಕದ ಒಗಟಿನಲ್ಲಿ ದಾರಿ ಇರುತ್ತದೆ. ಅದಕ್ಕೇ ಅಲ್ಲಿ ನಾನು ಜಿಪುಣಿ.

ದಾರಿ ಅಂದರೆ ಏನು ಅಂತ ಹೇಳಲು ನಮ್ಮ ಡಬ್ಬಾದ ಅಚ್ಚುಮೆಚ್ಚಿನ ರೈಲು ಒಗಟನ್ನೇ ತೆಗೆದುಕೊಳ್ಳುತ್ತೇನೆ. ಮೂಲದಲ್ಲಿ ಇದು ನ್ಯೂಯಾರ್ಕ್ ಸಬ್‌ವೇ ಕಥೆ. ಒಬ್ಬ ಹುಡುಗ, ಇಬ್ಬರು ಗೆಳತಿಯರು, ಊರಿನ ಎರಡು ತುದಿಯಲ್ಲಿ. ನಾವು ಅದನ್ನು ಘಾಟ್‌ಕೋಪರ್‌ಗೆ ತಂದಿದ್ದೇವೆ. ಅಲ್ಲಿರುವ ಒಬ್ಬನ ಅಮ್ಮನ ಮನೆ ಠಾಣೆಯಲ್ಲಿ, ಅತ್ತೆ ಮನೆ ಎದುರು ದಿಕ್ಕಿನ ಬೈಕಲಾದಲ್ಲಿ. ಶನಿವಾರ ಮಧ್ಯಾಹ್ನ ಯಾವಾಗ ಮನಸ್ಸು ಬಂತೋ ಆಗ ಅವನು ಸ್ಟೇಷನ್‌ಗೆ ಬರುತ್ತಾನೆ. ಎರಡೂ ಕಡೆಗೆ ಸರಿಯಾಗಿ ಹತ್ತು ನಿಮಿಷಕ್ಕೊಂದು ರೈಲು. ಯಾವುದು ಮೊದಲು ಬರುತ್ತದೋ ಅದನ್ನು ಹತ್ತುತ್ತಾನೆ. ಆದರೂ ಹತ್ತರಲ್ಲಿ ಒಂಬತ್ತು ಸಲ ಅತ್ತೆ ಮನೆಗೇ ಹೋಗುತ್ತಾನೆ. ಯಾಕೆ?

ಮೊದಲು ಬಂದ ಉತ್ತರಗಳೆಲ್ಲ ಅತ್ತೆ ಮನೆ ಅಡುಗೆಯ ಬಗ್ಗೆ. ಆಮೇಲೆ ‘ಹೆಂಡತಿ ಹೇಳಿಕೊಟ್ಟಿರಬೇಕು’. ಆಮೇಲೆ ಧಾರವಾಡದವರು, ‘ಮಳೆಗಾಲದಾಗೂ ಹತ್ತು ನಿಮಿಷಕ್ಕೊಂದಾ?’ ಅಂದರು. ಹೌದು, ಮಳೆಗಾಲದಲ್ಲೂ. ಸ್ವಲ್ಪ ಹೊತ್ತು ಎಲ್ಲರೂ ‘ಎರಡೂ ಸಮ ಅಂದಮೇಲೆ ಅರ್ಧ ಅರ್ಧ ಆಗಲೇಬೇಕು’ ಎಂದು ನನ್ನ ಮೇಲೆ ರೇಗಿದರು. ನಾನು ಹೇಳಿದ್ದು ಇಷ್ಟೇ: ‘ಟೈಂಟೇಬಲ್ ಬರೆಯಿರಿ.’ ಬಟಾಣಿ ಸುಲಿಯುತ್ತಿದ್ದವಳು ಒಂದು ಕಾಗದದ ಮೇಲೆ ಬೈಕಲಾ ರೈಲು 5:00, 5:10, 5:20 ಎಂದು ಬರೆದಳು. ಠಾಣೆಯದ್ದು ಬರೆಯುವ ಮೊದಲು ಪೆನ್ನು ನಿಂತಿತು. ಅದು ಯಾವಾಗ ಬರುತ್ತದೆ ಅಂತ ನಾನು ಹೇಳಿಯೇ ಇರಲಿಲ್ಲ! ಹತ್ತು ನಿಮಿಷಕ್ಕೊಂದು ಅಂದಿದ್ದೆ, ಅಷ್ಟೇ. 5:01, 5:11, 5:21 ಆದರೂ ಹತ್ತು ನಿಮಿಷಕ್ಕೊಂದೇ ಅಲ್ವಾ? 5:01ರಿಂದ 5:10ರ ನಡುವೆ ಬಂದವನಿಗೆ ಬೈಕಲಾ ರೈಲು ಮೊದಲು ಸಿಗುತ್ತದೆ. ಅದು ಒಂಬತ್ತು ನಿಮಿಷ. ಅಮ್ಮನ ಮನೆಗೆ ಉಳಿದದ್ದು ಒಂದೇ ನಿಮಿಷ.

ಆ ಪೆನ್ನು ನಿಂತ ಗಳಿಗೆ ಅವಳದು. ನಾನು ವಿಕ್ರೋಲಿಯಲ್ಲೇ ಉತ್ತರ ಹೇಳಿಬಿಟ್ಟಿದ್ದರೆ ಅದು ಅವಳಿಗೆ ಸಿಗುತ್ತಿರಲಿಲ್ಲ. ಈಗ ಅವಳು ಯಾರು ಏನೇ ಹೇಳಿದರೂ ‘ಅವರು ಹೇಳದೇ ಬಿಟ್ಟದ್ದೇನು?’ ಎಂದು ಹುಡುಕುತ್ತಾಳೆ. ಬ್ಯಾಂಕಿನವರು ಸಾಲದ ಬಡ್ಡಿ ವಿವರಿಸುವಾಗಲೂ.

ಇನ್ನೊಂದು ಒಗಟಿನ ಉತ್ತರವನ್ನು ಬೇಕಂತಲೇ ಮೊದಲು ಹೇಳಿಬಿಡುತ್ತೇನೆ: 1, 3, 5, ಮತ್ತು 15. ಒಗಟು ಮಹಾವೀರಾಚಾರ್ಯನದು. ಒಂಬತ್ತನೇ ಶತಮಾನ, ಅಮೋಘವರ್ಷ ನೃಪತುಂಗನ ಕಾಲ. ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರನ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಚಂದದ ಲೆಕ್ಕಗಳು ತುಂಬಾ ಇವೆ. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲ ಕಾಣಿಸಿತು. ಮೊದಲನೆಯವನು, ‘ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿಸಿದ್ದಕ್ಕೆ ಎರಡು ಪಟ್ಟು ನನ್ನದಾಗುತ್ತದೆ’ ಅಂದ. ಎರಡನೆಯವನು, ‘ನನಗೆ ಸಿಕ್ಕರೆ ಮೂರು ಪಟ್ಟು.’ ಮೂರನೆಯವನು, ‘ನನಗೆ ಸಿಕ್ಕರೆ ಐದು ಪಟ್ಟು.’ ಚೀಲದಲ್ಲಿ ಎಷ್ಟಿದೆ, ಒಬ್ಬೊಬ್ಬರ ಕೈಯಲ್ಲಿ ಎಷ್ಟಿದೆ?

ಉತ್ತರ ಹಾಕಿ ನೋಡಿ. ಚೀಲದ 15ಕ್ಕೆ 1 ಸೇರಿದರೆ 16, ಉಳಿದವರ 8ಕ್ಕೆ ಎರಡು ಪಟ್ಟು. 15ಕ್ಕೆ 3 ಸೇರಿದರೆ 18, ಉಳಿದ 6ಕ್ಕೆ ಮೂರು ಪಟ್ಟು. 15ಕ್ಕೆ 5 ಸೇರಿದರೆ 20, ಉಳಿದ 4ಕ್ಕೆ ಐದು ಪಟ್ಟು. ಎಲ್ಲ ಸರಿಯಾಗಿದೆ. ಆದರೆ ನಾಳೆ ಎರಡು, ಮೂರು, ಐದರ ಬದಲು ಮೂರು, ನಾಲ್ಕು, ಆರು ಪಟ್ಟು ಅಂದರೆ? ಮತ್ತೆ ನನ್ನ ಮುಖ ನೋಡಬೇಕು.

ದಾರಿ ಹೀಗಿದೆ. ಚೀಲವೂ ಸೇರಿ ಇರುವ ಎಲ್ಲ ಹಣವನ್ನು ಒಂದು ರಾಶಿ ಅಂದುಕೊಳ್ಳಿ. ಒಬ್ಬನ ಬಳಿ ಉಳಿದಿಬ್ಬರ ಎರಡು ಪಟ್ಟು ಇದೆ ಅಂದರೆ ಆ ಇಬ್ಬರ ಪಾಲು ರಾಶಿಯ ಮೂರನೇ ಒಂದು. ಮೂರು ಪಟ್ಟು ಅಂದರೆ ನಾಲ್ಕನೇ ಒಂದು. ಐದು ಪಟ್ಟು ಅಂದರೆ ಆರನೇ ಒಂದು. ರಾಶಿ 24 ಅಂತ ಇಟ್ಟುಕೊಂಡರೆ ಈ ಮೂರು ಜೋಡಿಗಳ ಹಣ 8, 6, 4. ಕೂಡಿದರೆ 18. ಪ್ರತಿಯೊಬ್ಬನೂ ಎರಡು ಜೋಡಿಯಲ್ಲಿ ಬಂದಿದ್ದಾನೆ, ಹಾಗಾಗಿ ಮೂವರದೂ ಸೇರಿ 9. ಚೀಲಕ್ಕೆ ಉಳಿದದ್ದು 15. ಒಂಬತ್ತರಿಂದ ಒಂದೊಂದು ಜೋಡಿಯನ್ನು ಕಳೆದರೆ 1, 3, 5. ರಾಶಿ 48 ಅಂದುಕೊಂಡರೆ ಎಲ್ಲವೂ ದುಪ್ಪಟ್ಟು, ಅದೂ ಸರಿಯೇ. ಎಕ್ಸ್, ವೈ ಏನೂ ಬೇಕಾಗಲಿಲ್ಲ. ‘ರಾಶಿಯಾಗಿ ನೋಡು’ ಅನ್ನುವ ಒಂದು ಸುಳಿವು ಸಾಕಾಗಿತ್ತು. ನಾನು ಕೊಡುವುದು ಅಂಥ ಸುಳಿವುಗಳನ್ನೇ. ಅದನ್ನೇ ನಮ್ಮವರು ಸತಾಯಿಸೋದು ಅನ್ನುತ್ತಾರೆ.

ಉತ್ತರ ಹೇಳಿದರೂ ಪ್ರಯೋಜನವಾಗದ ಒಗಟುಗಳೂ ಇವೆ. ಮೂರು ಬಾಗಿಲಿನದು ಅದರಲ್ಲಿ ಮುಖ್ಯ. ಒಂದರ ಹಿಂದೆ ಕಾರು, ಎರಡರ ಹಿಂದೆ ಆಡು. ನೀವು ಒಂದು ಬಾಗಿಲು ಆರಿಸುತ್ತೀರಿ. ಕಾರು ಎಲ್ಲಿದೆ ಅಂತ ಗೊತ್ತಿರುವ ನಿರೂಪಕ ಉಳಿದೆರಡರಲ್ಲಿ ಆಡಿರುವ ಒಂದನ್ನು ತೆರೆದು ತೋರಿಸಿ, ‘ಬದಲಾಯಿಸ್ತೀರಾ?’ ಎಂದು ಕೇಳುತ್ತಾನೆ. ಬದಲಾಯಿಸಿದರೆ ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡು. 1990ರಲ್ಲಿ ಮೆರಿಲಿನ್ ವಾಸ್ ಸವಾಂಟ್ ಅಮೆರಿಕದ ಒಂದು ಪತ್ರಿಕೆಯ ಅಂಕಣದಲ್ಲಿ ಹೀಗೆ ಬರೆದಾಗ ಸುಮಾರು 10,000 ಪತ್ರ ಬಂದವು. ಹೆಚ್ಚಿನವು ‘ನೀವು ಹೇಳಿದ್ದು ತಪ್ಪು’ ಅನ್ನುವಂಥವು. ಬರೆದವರಲ್ಲಿ ಹತ್ತಿರ ಹತ್ತಿರ 1,000 ಜನ ಪಿಎಚ್‌ಡಿ ಮಾಡಿದವರು. ಆಕೆ ಹೇಳಿದ್ದು ಸರಿಯಾಗಿಯೇ ಇತ್ತು.

ಅವರೇ ನಂಬಲಿಲ್ಲ, ನಮ್ಮ ಡಬ್ಬಾದವರು ನನ್ನ ಮಾತು ಯಾಕೆ ನಂಬಬೇಕು? ಹಾಗಾಗಿ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಮೂರು ಸ್ಟೀಲ್ ಲೋಟ ಬೋರಲು ಹಾಕಿ, ಒಂದರ ಕೆಳಗೆ ರೂಪಾಯಿ ಇಟ್ಟು ಆಡಿದೆವು. ಒಬ್ಬಳು ಪ್ರತಿ ಸಲವೂ ಬದಲಾಯಿಸಬೇಕು, ಇನ್ನೊಬ್ಬಳು ಒಮ್ಮೆಯೂ ಬದಲಾಯಿಸಬಾರದು. ದೋಸೆ ಬರುವಷ್ಟರಲ್ಲಿ ಬದಲಾಯಿಸುವವಳ ಮುಂದೆ ಚಿಲ್ಲರೆ ಗುಡ್ಡೆಯಾಗಿತ್ತು. ಲೋಟ ಎತ್ತುತ್ತಿದ್ದವಳಿಗೆ ಮೊದಲು ಕಾರಣ ಹೊಳೆಯಿತು. ‘ಇವಳು ಮೊದಲು ತಪ್ಪು ಲೋಟ ಮುಟ್ಟಿದಾಗೆಲ್ಲ ನನಗೆ ಬೇರೆ ದಾರಿಯೇ ಇರೋದಿಲ್ಲ, ರೂಪಾಯಿ ಇರೋದನ್ನು ಬಿಟ್ಟು ಇನ್ನೊಂದನ್ನೇ ಎತ್ತಬೇಕು.’ ಮೊದಲು ತಪ್ಪು ಲೋಟ ಮುಟ್ಟುವುದು ಮೂರರಲ್ಲಿ ಎರಡು ಸಲ. ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೊಡುತ್ತಿರಲಿಲ್ಲ.

ಇಲ್ಲಿ ಒಗಟು ಹೇಳುವವರಿಗೂ ಒಂದು ಮಾತು. ‘ನಿರೂಪಕನಿಗೆ ಗೊತ್ತು’ ಅನ್ನುವುದನ್ನು ಬಿಟ್ಟು ಹೇಳಬೇಡಿ. ಅವನು ಕಣ್ಣುಮುಚ್ಚಿ ಯಾವುದೋ ಬಾಗಿಲು ತೆರೆದು, ಅದೃಷ್ಟಕ್ಕೆ ಅಲ್ಲಿ ಆಡು ಇದ್ದರೆ, ಬದಲಾಯಿಸಿದರೂ ಒಂದೇ, ಬಿಟ್ಟರೂ ಒಂದೇ. ವಾಟ್ಸಾಪ್‌ನಲ್ಲಿ ಬರುವ ಒಗಟುಗಳಲ್ಲಿ ಹೀಗೆ ಷರತ್ತುಗಳೇ ಉದುರಿಹೋಗಿರುತ್ತವೆ. ‘ಇದು ಐನ್‌ಸ್ಟೈನ್ ಬರೆದದ್ದು, ಶೇಕಡಾ 98 ಜನಕ್ಕೆ ಬಿಡಿಸಲು ಬರುವುದಿಲ್ಲ’ ಅನ್ನುವ ಸಾಲು ಮಾತ್ರ ಭದ್ರವಾಗಿರುತ್ತದೆ. ಐದು ಮನೆ, ಐದು ಬಣ್ಣದ ಆ ಒಗಟು 1962ರಲ್ಲಿ ಒಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಐನ್‌ಸ್ಟೈನ್ ಬರೆದ ಅನ್ನುವುದಕ್ಕೆ ಆಧಾರವಿಲ್ಲ. ಶೇಕಡಾ 98ಕ್ಕೂ ಇಲ್ಲ. ತಾಳ್ಮೆ ಮತ್ತು ಒಂದು ಹಾಳೆ ಇದ್ದರೆ ಯಾರು ಬೇಕಾದರೂ ಬಿಡಿಸಬಹುದು.

ಹಾಗಂತ ನಾನು ಕಟುಕಿಯಲ್ಲ. ಇಡೀ ದಿನ ಆಫೀಸಿನ ಲೆಕ್ಕ ನೋಡಿ ತಲೆ ಕೆಟ್ಟವರು ಕೇಳಿದರೆ ಕಿವಿಯಲ್ಲಿ ಹೇಳುತ್ತೇನೆ. ಬಿಡಿಸಿದವರೂ ಕಿವಿಯಲ್ಲೇ ಹೇಳಬೇಕು, ಜೋರಾಗಿ ಕೂಗುವಂತಿಲ್ಲ. ಫೋನಿನಲ್ಲಿ ಹುಡುಕಿ ಉತ್ತರ ತಂದವರನ್ನು ಬೈಯುವುದಿಲ್ಲ. ಅವರಿಗೆ ಇನ್ನೊಂದು ಪ್ರಶ್ನೆ ಕೊಡುತ್ತೇವೆ.

ಹನ್ನೆರಡು ನಾಣ್ಯದ ಒಗಟಿನಲ್ಲಿ ಹಾಗೇ ಆಯಿತು. ನೋಡಲು ಒಂದೇ ಥರದ 12 ನಾಣ್ಯ, ಒಂದು ಖೋಟಾ. ಅದು ಭಾರವೋ ಹಗುರವೋ ಗೊತ್ತಿಲ್ಲ. ತೂಕದ ಬೊಟ್ಟಿಲ್ಲದ ತಕ್ಕಡಿಯಲ್ಲಿ ಮೂರೇ ಸಲ ತೂಗಿ ಖೋಟಾ ಯಾವುದು, ಭಾರವೋ ಹಗುರವೋ ಎರಡನ್ನೂ ಹೇಳಬೇಕು. ಎಲ್ಲರೂ ಮೊದಲು ಆರಕ್ಕೆ ಆರು ಇಡುತ್ತಾರೆ. ನಾನು ಕೇಳುತ್ತೇನೆ: ಒಟ್ಟು ಸಾಧ್ಯತೆ ಎಷ್ಟು? ಹನ್ನೆರಡರಲ್ಲಿ ಯಾವುದಾದರೂ, ಭಾರ ಅಥವಾ ಹಗುರ, ಅಂದರೆ 24. ಒಂದು ಸಲ ತೂಗಿದರೆ ಫಲಿತಾಂಶ ಮೂರು: ಎಡ ಇಳಿಯಬಹುದು, ಬಲ ಇಳಿಯಬಹುದು, ಸಮ ಆಗಬಹುದು. ಎರಡು ಸಲಕ್ಕೆ 9, ಮೂರು ಸಲಕ್ಕೆ 27. ಹಾಗಾದರೆ ಮೊದಲ ತೂಕ ಮುಗಿದಾಗ 9ಕ್ಕಿಂತ ಜಾಸ್ತಿ ಸಾಧ್ಯತೆ ಉಳಿದರೆ ಕಥೆ ಮುಗಿಯಿತು. ಆರಕ್ಕೆ ಆರು ಇಟ್ಟರೆ 12 ಉಳಿಯುತ್ತವೆ. ಐದಕ್ಕೆ ಐದು ಇಟ್ಟು ಒಂದು ಕಡೆ ಇಳಿದರೆ 10. ಮೂರಕ್ಕೆ ಮೂರು ಇಟ್ಟು ಸಮ ಆದರೆ ಹೊರಗಿನ ಆರು ನಾಣ್ಯದ 12. ನಾಲ್ಕಕ್ಕೆ ನಾಲ್ಕು ಇಟ್ಟರೆ ಮಾತ್ರ ಯಾವ ಕಡೆ ನೋಡಿದರೂ 8. ಮೊದಲ ಹೆಜ್ಜೆ ಸಿಕ್ಕಿತು. ಉಳಿದೆರಡು ತೂಕ ನಿಮ್ಮದು.

ಮುಂಬಯಿ ಹುಡುಗಿ ಮರುದಿನ ಫೋನಿನಿಂದ ಪೂರ್ತಿ ಉತ್ತರ ತಂದು ಗಡಗಡ ಓದಿದಳು. ಸರಿ, ಒಪ್ಪಿದೆವು. ಹಾಗಾದರೆ 13 ನಾಣ್ಯಕ್ಕೂ ಇದೇ ಥರ ಮಾಡು ಅಂದೆವು. ಸಾಧ್ಯತೆ 26, ಫಲಿತಾಂಶ 27. ಲೆಕ್ಕದ ಪ್ರಕಾರ ಆಗಬೇಕು ಅಂತ ಕಾಣುತ್ತದೆ, ಆದರೆ ಆಗುವುದಿಲ್ಲ. ಯಾಕೆ ಅಂತ ಅವಳು ಫೋನ್ ಒಳಗಿಟ್ಟು, ಮುಂಬ್ರಾದ ಸುರಂಗ ದಾಟುವಷ್ಟರಲ್ಲಿ ಹೇಳಿದಳು. ಅದಕ್ಕೆ ಬೇಕಾದ್ದೆಲ್ಲ ಮೇಲಿನ ಪ್ಯಾರಾದಲ್ಲೇ ಇದೆ.