ಅತ್ತೆಯ ಮಾತ್ರೆ ಚೀಲ

ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆಗೆ ಎದ್ದು ನಿಂತರೆ ತಲೆಸುತ್ತು, ಪಾದದಲ್ಲಿ ಊತ. ‘ವಯಸ್ಸಾಯ್ತಲ್ವಾ’ ಅಂದರು ಎಲ್ಲರೂ. ನನಗೆ ಸಮಾಧಾನವಾಗಲಿಲ್ಲ. ಬಿ.ಪಿ. ಮಾತ್ರೆಯ ಹಳೇ ಸ್ಟ್ರಿಪ್, ಹೊಸ ಸ್ಟ್ರಿಪ್ ಎರಡನ್ನೂ ತಿರುಗಿಸಿ ನೋಡಿದೆ. ದೊಡ್ಡಕ್ಷರದ ಹೆಸರು ಬೇರೆ ಬೇರೆ. ಕೆಳಗೆ ಸಣ್ಣಕ್ಷರದಲ್ಲಿ ಎರಡರಲ್ಲೂ ಒಂದೇ ಔಷಧಿ, ಆಮ್ಲೋಡಿಪಿನ್ 5 ಮಿ.ಗ್ರಾಂ! ಅತ್ತೆ ಎರಡನ್ನೂ ನುಂಗುತ್ತಿದ್ದರು. ಡಾಕ್ಟರಿಗೆ ತೋರಿಸಿದೆವು, ಒಂದನ್ನು ನಿಲ್ಲಿಸಿದರು.

ವಯಸ್ಸಾದವರ ಕಿಡ್ನಿ, ಲಿವರ್ ನಿಧಾನ. ಎಷ್ಟೋ ಔಷಧಿಗಳು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ. ಡಬಲ್ ಡೋಸ್ ಅಂದರೆ ಸುಮ್ನೆ ಅಲ್ಲ, ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು.

ಈಗ ಡಾಕ್ಟರ ಹತ್ತಿರ ಬರೀ ಚೀಟಿ ಒಯ್ಯುವುದಿಲ್ಲ, ಮಾತ್ರೆಗಳ ಚೀಲವನ್ನೇ ಒಯ್ಯುತ್ತೇವೆ. ಮಂಡಿನೋವಿನ ಮಾತ್ರೆ, ಲೇಹ್ಯ, ಎಲ್ಲವೂ ಅದರಲ್ಲಿ. ಡಿಸ್ಚಾರ್ಜ್ ದಿನ ದಯವಿಟ್ಟು ಕೇಳಿ: ಹಳೆಯದರಲ್ಲಿ ಯಾವುದು ಮುಂದುವರಿಸಬೇಕು, ಯಾವುದು ಬಿಡಬೇಕು? ಬರೆಸಿಕೊಂಡೇ ಹೊರಡಿ.